ಸ್ಟುಟ್‌ಗಾರ್ಟ್‌ಗೆ ಬರುವ ಮುಂಚೆ ವೈಫೈ ಡಬ್ಬ ಕೊಳ್ಳಬೇಡ

ತಂಗಿ, ನಿನ್ನ ಪ್ರಶ್ನೆ ಓದಿದೆ. ಮುಂದಿನ ತಿಂಗಳು ಗಂಡ ಹೆಂಡತಿ ಇಬ್ಬರೂ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬರುತ್ತಿದ್ದೀರಿ, ಇಬ್ಬರಿಗೂ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ, ಬೆಂಗಳೂರಿನ ರೂಟರ್ ಸೂಟ್‌ಕೇಸಿಗೆ ಹಾಕಿಕೊಂಡು ಬರಲಾ, ಓಡಾಡುವಾಗ ಜೇಬಿನಲ್ಲಿಡುವ ವೈಫೈ ಡಬ್ಬಿ ಬೇಕಾ ಅಂತ ಕೇಳಿದ್ದೀಯ. ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೇ ನೀನು ಅಂತಲೇ ಬರೆಯುತ್ತಿದ್ದೇನೆ. ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯಿತು, ನಾಲ್ಕು ಮನೆ ಬದಲಾಯಿಸಿದೆ, ನಾಲ್ಕು ಕಡೆಯೂ ಇಂಟರ್ನೆಟ್ ಹಾಕಿಸಿದ್ದೇನೆ.

ರೂಟರ್ ತರಬೇಡ. ಕರೆಂಟಿನ ತೊಂದರೆ ಅಲ್ಲ, ಇಲ್ಲೂ 230 ವೋಲ್ಟೇ, ನಮ್ಮ ತೆಳ್ಳನೆಯ ಎರಡು ಕಡ್ಡಿಯ ಪ್ಲಗ್ ಇಲ್ಲಿನ ಸಾಕೆಟ್ಟಿಗೆ ಹೋಗುತ್ತದೆ. ತೊಂದರೆ ಲೈನಿನದು. ಇಲ್ಲಿ ಮನೆಗೆ ಇಂಟರ್ನೆಟ್ ಬರುವುದು ಹಳೇ ಟೆಲಿಫೋನ್ ತಂತಿಯಲ್ಲಿ, ಇಲ್ಲವೇ ಟಿವಿ ಕೇಬಲ್‌ನಲ್ಲಿ, ಇಲ್ಲವೇ ಫೈಬರ್‌ನಲ್ಲಿ. ಒಂದೊಂದಕ್ಕೂ ಬೇರೆ ಮೋಡೆಮ್ ಬೇಕು, ಅಂದರೆ ಆ ಲೈನಿನ ಸಿಗ್ನಲ್ಲನ್ನು ಇಂಟರ್ನೆಟ್ ಮಾಡಿಕೊಡುವ ಭಾಗ. ಬೆಂಗಳೂರಿನಷ್ಟು ಸಲೀಸಾಗಿ ಇಲ್ಲಿ ಫೈಬರ್ ಸಿಗುವುದಿಲ್ಲ, ತುಂಬಾ ಮನೆಗಳಲ್ಲಿ ಇವತ್ತಿಗೂ ಟೆಲಿಫೋನ್ ತಂತಿಯ ಡಿಎಸ್ಎಲ್ಲೇ. ಹಾಗಾಗಿ ಯಾವ ಮನೆ ಅಂತ ಗೊತ್ತಾಗುವ ಮುಂಚೆ ಯಾವ ಡಬ್ಬ ಕೊಂಡರೂ ಅದು ಲಾಟರಿ.

ಇನ್ನೊಂದು ಮುಖ್ಯ ಮಾತು. ಬಂದ ಮೊದಲ ವಾರವೇ 24 ತಿಂಗಳ ಇಂಟರ್ನೆಟ್ ಕಾಂಟ್ರಾಕ್ಟ್‌ಗೆ ಸಹಿ ಹಾಕಬೇಡ. ಬಂದಾಗ ಇರುವ ಮೊದಲ ಮನೆ ತಾತ್ಕಾಲಿಕ, ಮೂರು ತಿಂಗಳಿಗೆ ಬಿಡುತ್ತೀರಿ, ಕಾಂಟ್ರಾಕ್ಟ್ ಮಾತ್ರ ಬೆನ್ನು ಬಿಡುವುದಿಲ್ಲ. ಹೊಸಬರಿಗೆ ಶುಫಾ ದಾಖಲೆಯೂ ಇರುವುದಿಲ್ಲ, ಅಂದರೆ ಸಾಲ, ಬಿಲ್ಲು ಸರಿಯಾಗಿ ಕಟ್ಟಿದ್ದಾರಾ ಅಂತ ತೋರಿಸುವ ಚರಿತ್ರೆ. ಅದಿಲ್ಲ ಅಂತ ಕೆಲವು ಕಂಪನಿಗಳು ಅರ್ಜಿಯನ್ನೇ ತಿರಸ್ಕರಿಸುತ್ತವೆ. ಬೇಜಾರಾಗಬೇಡ, ಅದು ನಿನ್ನ ತಪ್ಪಲ್ಲ. ಮೊದಲಿಗೆ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಪ್ರೀಪೇಯ್ಡ್ ಸಿಮ್ ತಗೋ. 2017ರಿಂದ ಇಲ್ಲಿ ಪ್ರೀಪೇಯ್ಡ್‌ಗೂ ಗುರುತು ತೋರಿಸಲೇಬೇಕು, ಪಾಸ್‌ಪೋರ್ಟ್ ಹಿಡಿದು ವಿಡಿಯೋ ಕಾಲ್‌ನಲ್ಲಿ ಕೂತರೆ ಮುಗಿಯುತ್ತದೆ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ಇಬ್ಬರ ಕೆಲಸ ನಡೆಯಲಿಲ್ಲ ಅಂದರೆ ಮಾತ್ರ ಸಿಮ್ ಹಾಕುವ ಮನೆ ರೂಟರ್ ನೋಡು, ಅದೂ ತಿಂಗಳಿಗೊಮ್ಮೆ ಬಿಡಬಹುದಾದ ಪ್ಲಾನ್‌ನಲ್ಲಿ. ಸ್ಟುಟ್‌ಗಾರ್ಟ್ ಒಂದು ಬಟ್ಟಲಿನ ಹಾಗೆ, ಸುತ್ತ ಗುಡ್ಡ, ಒಂದು ಬೀದಿಯಲ್ಲಿ 5ಜಿ ಭರ್ಜರಿ ಇದ್ದರೆ ಮುಂದಿನ ತಿರುವಿನಲ್ಲಿ ಸಿಗ್ನಲ್ ಎರಡೇ ಕಡ್ಡಿ. ಡಬ್ಬವನ್ನು ಕಿಟಕಿ ಹತ್ತಿರ ಇಡು. ಹೊಸ ಮನೆಗಳ ಕಿಟಕಿ ಗಾಜಿಗೆ ಬಿಸಿ ಹೊರಗೆ ಹೋಗದಂತೆ ಲೋಹದ ತೆಳು ಲೇಪ ಇರುತ್ತದೆ, ಅದು ಸಿಗ್ನಲ್ಲನ್ನೂ ತಡೆಯುತ್ತದೆ. ಒಂದೊಂದು ಕಿಟಕಿಯಲ್ಲೂ ಇಟ್ಟು ನೋಡಬೇಕು.

ಖಾಯಂ ಮನೆ ಸಿಕ್ಕ ಮೇಲೆ ಲೈನ್ ತಗೋ. 2016ರ ಆಗಸ್ಟ್‌ನಿಂದ ಇಲ್ಲಿ ನಮ್ಮ ಇಷ್ಟದ ರೂಟರ್ ಹಾಕಿಕೊಳ್ಳುವ ಹಕ್ಕಿದೆ, ಕಂಪನಿ ಕೊಡುವ ಬಾಡಿಗೆ ಡಬ್ಬವೇ ಆಗಬೇಕು ಅಂತಿಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ಇರುತ್ತೀರಿ ಅಂದರೆ ಕೊಂಡುಬಿಡುವುದೇ ಮೇಲು. ಬರ್ಲಿನ್ನಿನ ಕಂಪನಿಯ ಫ್ರಿಟ್ಸ್‌ಬಾಕ್ಸ್ ಅನ್ನುವ ರೂಟರ್ ಇಲ್ಲಿ ಮನೆಮಾತು, ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್ ತಗೊಂಡರೂ ಪರವಾಗಿಲ್ಲ, ಆದರೆ ಅದು ಯಾವ ಲೈನಿನದು, ಯಾವುದೋ ಕಂಪನಿಯ ಬಾಡಿಗೆ ಮಾಲು ಅಲ್ಲ ತಾನೇ ಅಂತ ಕೇಳಿಯೇ ದುಡ್ಡು ಕೊಡು.

ಲೈನ್ ಹಾಕಲು ಬರುವವರು 8ರಿಂದ 12ರ ಒಳಗೆ ಅಂತ ಹೇಳುತ್ತಾರೆ, ರಜೆ ಹಾಕಿ ಕಾಯಬೇಕು. ನನ್ನ ಎರಡನೇ ಮನೆಯಲ್ಲಿ ಹಾಗೇ ಕಾದು ಕೂತಿದ್ದೆ. ಕೆಳಗಿನ ಕಾಲಿಂಗ್ ಬೆಲ್ ಮೇಲೆ ಹಿಂದಿನ ಬಾಡಿಗೆಯವರ ಹೆಸರೇ ಇತ್ತು. ಲೈನಿನವರು ಬಂದು, ನನ್ನ ಹೆಸರು ಕಾಣದೆ, ಮನೆಯಲ್ಲಿ ಯಾರೂ ಇರಲಿಲ್ಲ ಅಂತ ಬರೆದು ಹೋಗಿಬಿಟ್ಟರು. ಮತ್ತೆ ಮೂರು ವಾರ. ಮನೆ ಕೀ ಸಿಕ್ಕ ದಿನವೇ ಬೆಲ್ಲಿಗೂ ಟಪಾಲು ಡಬ್ಬಿಗೂ ಹೆಸರು ಅಂಟಿಸು. ಕಾಗದದ ಮೇಲೆ ಬರೆದು ಟೇಪ್ ಹಾಕಿದರೂ ಸಾಕು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಿಧಾನ ಅನಿಸಿದಾಗ ಎಲ್ಲರೂ ಜಾಸ್ತಿ ಸ್ಪೀಡಿನ ಪ್ಲಾನ್ ಕೊಳ್ಳುತ್ತಾರೆ, ಎಷ್ಟೋ ಸಲ ತಪ್ಪು ಇರುವುದು ಡಬ್ಬ ಇಟ್ಟ ಜಾಗದಲ್ಲಿ. ನಮ್ಮ ಮನೆಯಲ್ಲಿ ಫೋನ್ ಸಾಕೆಟ್ ಇದ್ದದ್ದು ಬಾಗಿಲ ಪಕ್ಕ, ಚಪ್ಪಲಿ ಗೂಡಿನ ಹಿಂದೆ, ನೆಲದಿಂದ ಒಂದು ಗೇಣು ಮೇಲೆ. ರೂಟರನ್ನೂ ಅಲ್ಲೇ ಇಟ್ಟಿದ್ದೆ. ಹಾಸನದಿಂದ ಅಮ್ಮ ವಿಡಿಯೋದಲ್ಲಿ ಒಗ್ಗರಣೆ ತೋರಿಸುತ್ತಿದ್ದಾಗ ಸೌಟು ಎತ್ತಿದ ಕೈ ಹಾಗೇ ನಿಂತುಬಿಡುತ್ತಿತ್ತು. ಅತ್ತ ಅಮ್ಮ ಮಾತಾಡುತ್ತಲೇ ಇರುತ್ತಿದ್ದರು, ಇತ್ತ ನನಗೆ ಕೇಳಿಸುತ್ತಿರಲಿಲ್ಲ. ಒಂದು ಭಾನುವಾರ ಹತ್ತು ಮೀಟರಿನ ಕೇಬಲ್ ತಂದು, ಗೋಡೆಯ ಬುಡದಲ್ಲಿ ಎಳೆದು, ರೂಟರನ್ನು ಹಾಲಿನ ಪುಸ್ತಕದ ಕಪಾಟಿನ ಮೇಲೆ ಇಟ್ಟೆವು. ಅದೇ ಪ್ಲಾನ್, ಅದೇ ಡಬ್ಬ. ಅವತ್ತಿನಿಂದ ಅಮ್ಮನ ಮುಖ ನಿಂತಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ವೈಫೈನ 2.4 ಗಿಗಾಹರ್ಟ್ಸ್ ತರಂಗಪಟ್ಟಿ ಸಂತೆಯ ಹಾಗೆ, ಅಕ್ಕಪಕ್ಕದ ಇಪ್ಪತ್ತು ಮನೆಯವರು ಅದರಲ್ಲೇ ಇರುತ್ತಾರೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಕಾಂಕ್ರೀಟ್ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ರೂಟರ್ ಆನ್ ಮಾಡಿದ ತಕ್ಷಣ 5ರ ಹೆಸರು ಕಾಣಲಿಲ್ಲ ಅಂದರೆ ಗಾಬರಿಯಾಗಬೇಡ. ಕೆಲವು ಚಾನೆಲ್‌ಗಳಲ್ಲಿ, ಅಂದರೆ ಆ ಪಟ್ಟಿಯೊಳಗಿನ ಓಣಿಗಳಲ್ಲಿ, ರಾಡಾರ್ ಇದೆಯಾ ಅಂತ ಅದು ಮೊದಲು ಕಿವಿಗೊಟ್ಟು ಕೇಳಬೇಕು, ಒಂದು ನಿಮಿಷ ಹಿಡಿಯುತ್ತದೆ, ಹವಾಮಾನ ರಾಡಾರ್ ಬಳಸುವ ಚಾನೆಲ್ ಆದರೆ ಹತ್ತು ನಿಮಿಷ. ರಿಪೀಟರ್, ಅಂದರೆ ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುವ ಡಬ್ಬಿ, ಬೇಕಾದರೆ ಸಿಗ್ನಲ್ ಸಿಗದ ಕೋಣೆಯಲ್ಲಿ ಇಡಬೇಡ, ಅರ್ಧ ದಾರಿಯಲ್ಲಿ ಇಡು. ತನಗೇ ಸಿಗದ್ದನ್ನು ಅದು ಎಲ್ಲಿಂದ ಕೊಡುತ್ತದೆ?

ಕೆಲಸದ ಮೇಜಿಗೆ ಮಾತ್ರ ವೈಫೈ ನಂಬಬೇಡ, ಲ್ಯಾಪ್‌ಟಾಪಿಗೆ ತಂತಿ ಹಾಕು. ಪ್ಲಾನ್ ನೋಡುವಾಗ ಅಪ್‌ಲೋಡ್ ನೋಡು, ಅಂದರೆ ನಮ್ಮಿಂದ ಹೊರಗೆ ಹೋಗುವ ವೇಗ. ಡಿಎಸ್ಎಲ್‌ನ 50 ಎಂಬಿಪಿಎಸ್ ಪ್ಲಾನ್‌ನಲ್ಲಿ ಅಪ್‌ಲೋಡ್ ಸಾಮಾನ್ಯವಾಗಿ 10, 100ರದ್ದರಲ್ಲಿ 40ರವರೆಗೆ. ಇಬ್ಬರೂ ಒಂದೇ ಹೊತ್ತಿಗೆ ಮೀಟಿಂಗ್‌ನಲ್ಲಿ ಕೂರುವವರು, ನಿಮಗೆ ಆ 40 ಉಪಯೋಗಕ್ಕೆ ಬರುತ್ತದೆ. 250 ಸುಮ್ನೆ ದಂಡ. ಕೊಟ್ಟ ಮಾತಿನಷ್ಟು ಸ್ಪೀಡ್ ಬರುತ್ತಿಲ್ಲ ಅನಿಸಿದರೆ ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಬುಂಡೆಸ್‌ನೆಟ್ಸ್‌ಅಗೆಂಟೂರ್‌ನವರ ಅಳೆಯುವ ಸಾಫ್ಟ್‌ವೇರ್ ಇದೆ. ಮೂರು ಬೇರೆ ಬೇರೆ ದಿನ ಹತ್ತತ್ತು ಸಲ ಅಳೆದು ತೋರಿಸಿದರೆ ಬಿಲ್ ಕಡಿಮೆ ಮಾಡಿ ಅಂತ ಕೇಳುವ ಹಕ್ಕು 2021ರ ಡಿಸೆಂಬರ್‌ನಿಂದ ಇದೆ.

ಓಡಾಟಕ್ಕೆ ಬೇರೆ ಡಬ್ಬಿ ಬೇಡ. 2017ರ ಜೂನ್ 15ರಿಂದ ಯುರೋಪಿಯನ್ ಯೂನಿಯನ್ ಒಳಗೆ ಇಲ್ಲಿನ ಪ್ಯಾಕೇ ನಡೆಯುತ್ತದೆ. ಪ್ಯಾರಿಸ್ಸಿಗೆ ಹೋದರೂ ಪ್ರಾಗ್‌ಗೆ ಹೋದರೂ ಫೋನೇ ಸಾಕು. ಆದರೆ ಸ್ವಿಟ್ಜರ್‌ಲೆಂಡ್ ಇದರಲ್ಲಿಲ್ಲ. ನಾವು ಬೋಡೆನ್‌ಸೇ ಸರೋವರದ ದಡದಲ್ಲಿ, ಜರ್ಮನಿಯ ಕಡೆಯೇ ಕೂತಿದ್ದರೂ ಫೋನ್ ಆಚೆ ದಡದ ಸ್ವಿಸ್ ಟವರ್ ಹಿಡಿದು ಬಿಲ್ ಏರಿಸಿತ್ತು. ಅಲ್ಲಿಗೆ ಹೋದಾಗ ಫೋನಿನ ಸೆಟ್ಟಿಂಗ್‌ನಲ್ಲಿ ಜರ್ಮನಿಯ ನೆಟ್‌ವರ್ಕನ್ನೇ ಕೈಯಿಂದ ಆಯ್ದು ಇಡು. ಅಪ್ಪ ಅಮ್ಮ ಮೂರು ತಿಂಗಳಿಗೆ ಬಂದಾಗ ಮಾತ್ರ ಜೇಬಿನ ಡಬ್ಬಿ ಒಳ್ಳೆಯದು. ಅವರ ಫೋನಿಗೆ ಇಲ್ಲಿನ ಸಿಮ್ ಹಾಕುವ ಗೋಜೇ ಇಲ್ಲ, ಅಮ್ಮನ ಕೈಚೀಲದಲ್ಲಿ ಒಂದು ಇಟ್ಟರೆ ಇಬ್ಬರಿಗೂ ಆಗುತ್ತದೆ.

ಒಂದು ಎಚ್ಚರಿಕೆ, ಇದನ್ನು ನಿನ್ನ ಗಂಡನಿಗೂ ಓದಿಸು. ಇಲ್ಲಿ ಟೊರೆಂಟ್‌ನಲ್ಲಿ ಸಿನಿಮಾ ಇಳಿಸಬೇಡಿ. ನಮ್ಮ ಪರಿಚಯದ ಹುಡುಗನೊಬ್ಬ ಒಂದೇ ಒಂದು ಸಿನಿಮಾ ಇಳಿಸಿದ್ದ, ಕೆಲವು ವಾರಕ್ಕೆ ಕಾಪಿರೈಟ್ ಮುರಿದಿದ್ದೀರಿ ಅಂತ ವಕೀಲರ ಕಾಗದ ಬಂತು, ನೂರಾರು ಯೂರೋ ಕಟ್ಟಿ ಅಂತ. ಕಾಗದ ಬರುವುದು ಲೈನ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ಮನೆಗೆ ಬಂದವರಿಗೆ ಪಾಸ್‌ವರ್ಡ್ ಕೊಡುವಾಗ ಗೆಸ್ಟ್ ವೈಫೈ, ಅಂದರೆ ಅತಿಥಿಗಳಿಗೇ ಅಂತ ಇರುವ ಬೇರೆ ವೈಫೈ ಕೊಡು.

ಅಲ್ಲಿಂದ ಹೊರಡುವ ಮುಂಚೆ ನಿಮ್ಮ ಭಾರತದ ನಂಬರಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಬ್ಯಾಂಕಿನ ಓಟಿಪಿ ಬರಬೇಕಲ್ಲ. ಎರಡು ಸಿಮ್ ಹಿಡಿಯುವ ಫೋನ್ ಇದ್ದರೆ ಆಯಿತು. ಖಾಯಂ ಮನೆ ನೋಡಲು ಹೋದಾಗ ಗೋಡೆಯ ಸಾಕೆಟ್‌ಗಳ ಫೋಟೋ ತೆಗೆದು ನನಗೆ ಕಳಿಸು, ಯಾವ ಲೈನ್, ಯಾವ ಡಬ್ಬ ಅಂತ ನೋಡಿ ಹೇಳುತ್ತೇನೆ.