ಅಗ್ಗದ ಎಲ್‌ಇಡಿ ಯಾವುದು ಅಂತ ಕೇಳುವ ಮೊದಲು ಅದನ್ನು ಎಲ್ಲಿ ಹಾಕುತ್ತೀರಿ ಅಂತ ನೋಡಿ

ಮನೆಯ ಬುರುಡೆ ಬಲ್ಬು, ಸಿಎಫ್‌ಎಲ್ ಎಲ್ಲವನ್ನೂ ಈ ವಾರವೇ ಕಿತ್ತು ಎಲ್‌ಇಡಿ ಹಾಕಬೇಕು, ಎಲ್ಲಕ್ಕಿಂತ ಅಗ್ಗದ್ದು ಯಾವುದು ಹೇಳಿ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಅಂಗಡಿಗೆ ಹೋಗಿದ್ದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆಗ ಕರೆಂಟ್ ಬಿಲ್ ಜಾಸ್ತಿ ಬರುತ್ತಿತ್ತು. ಒಂದು ಸಂಜೆ ಕೂತು ಲೆಕ್ಕ ಹಾಕಿದೆ. 60 ವ್ಯಾಟ್‌ನ ಬುರುಡೆ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ವರ್ಷಕ್ಕೆ ಸುಮಾರು 110 ಯೂನಿಟ್ ಆಗುತ್ತದೆ. ಅಷ್ಟೇ ಬೆಳಕು ಕೊಡುವ 9 ವ್ಯಾಟ್‌ನ ಎಲ್‌ಇಡಿಗೆ 16–17 ಯೂನಿಟ್ ಸಾಕು. ಒಂದೇ ಹೋಲ್ಡರ್‌ನಲ್ಲಿ 90 ಯೂನಿಟ್‌ಗಿಂತ ಹೆಚ್ಚು ಉಳಿಯುತ್ತದೆ ಅಂದಮೇಲೆ ತಡ ಯಾಕೆ ಅನ್ನಿಸಿತು. ಆ ಲೆಕ್ಕ ಸರಿಯಾಗಿಯೇ ಇತ್ತು. ಬುರುಡೆ ಬಲ್ಬಿಗೆ ಹೋಗುವ ಕರೆಂಟಿನಲ್ಲಿ ನೂರಕ್ಕೆ ಐದರಷ್ಟು ಬೆಳಕಾದರೆ ಹೆಚ್ಚು, ಮಿಕ್ಕಿದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಅದನ್ನು ಬದಲಾಯಿಸಬೇಕು ಅನ್ನುವುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಅಂಗಡಿಯಲ್ಲಿ ನಾನು ನೋಡಿದ್ದು ಎರಡೇ: ವ್ಯಾಟ್ ಮತ್ತು ಬೆಲೆ. ಎಲ್ಲಕ್ಕಿಂತ ಕಡಿಮೆ ಬೆಲೆಯದ್ದನ್ನು ಡಬ್ಬಗಟ್ಟಲೆ ತಂದೆ. ಎಲ್ಲ ಒಂದೇ ಥರ, ಎಲ್ಲ 9 ವ್ಯಾಟ್, ಎಲ್ಲ ಬೆಳ್ಳನೆ ಬೆಳಕು. ಅಡುಗೆಮನೆಯ ಬರೀ ಹೋಲ್ಡರ್‌ಗೂ ಅದೇ, ಹಾಲ್‌ನ ಛಾವಣಿಗೆ ಅಂಟಿದ ಗಾಜಿನ ಗುಮ್ಮಟದ ಒಳಗೂ ಅದೇ, ಬಾತ್‌ರೂಮಿನ ಮುಚ್ಚಿದ ದೀಪಕ್ಕೂ ಅದೇ, ಗೇಟಿನ ಪಕ್ಕದ ಗಾಜಿನ ಡಬ್ಬಿಗೂ ಅದೇ. ಮುಂದಿನ ಬಿಲ್ ಇಳಿಯಿತು. ನನಗೆ ತುಂಬ ಖುಷಿಯಾಯಿತು.

ಕೆಲವೇ ತಿಂಗಳಲ್ಲಿ ಹಾಲ್‌ನ ಬಲ್ಬು ಮಿಣುಕ್ ಮಿಣುಕ್ ಅನ್ನತೊಡಗಿತು, ಆಮೇಲೆ ಆರಿಹೋಯಿತು. ಸ್ವಲ್ಪ ದಿನಕ್ಕೆ ಬಾತ್‌ರೂಮಿನದು ಹೋಯಿತು. ಅದರ ಹಿಂದೆಯೇ ಗೇಟಿನದು. ಡಬ್ಬದ ಮೇಲೆ 25,000 ಗಂಟೆ ಬಾಳಿಕೆ ಅಂತ ಬರೆದಿತ್ತು. ಅಗ್ಗದ ಮಾಲು, ಮೋಸ ಹೋದೆ ಅಂದುಕೊಂಡೆ. ಈ ಸಲ ದುಬಾರಿಯದ್ದನ್ನೇ ತಂದು ಅದೇ ಜಾಗಗಳಿಗೆ ಹಾಕಿದೆ. ಅವು ಇನ್ನೂ ಸ್ವಲ್ಪ ದಿನ ಜಾಸ್ತಿ ಬಂದವು ಅಷ್ಟೇ, ಕೊನೆಗೆ ಅವೂ ಹೋದವು. ಅಷ್ಟು ಹೊತ್ತಿಗೆ ಬಿಲ್ಲಿನಲ್ಲಿ ಉಳಿದ ದುಡ್ಡೆಲ್ಲ ಬಲ್ಬಿಗೇ ಹೋಗಿತ್ತು. ವೋಲ್ಟೇಜ್ ಏರುಪೇರು ಇರಬೇಕು ಅಂತ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅವರಿಗೂ ಕೊಟ್ಟೆ.

ಅವರು ವೋಲ್ಟೇಜ್ ಅಳೆದರು, ವೈರಿಂಗ್ ನೋಡಿದರು. ಎಲ್ಲ ಸರಿಯಿತ್ತು. ಆಮೇಲೆ ಒಂದು ಪ್ರಶ್ನೆ ಕೇಳಿದರು. "ಹೋಗಿದ್ದೆಲ್ಲ ಗಾಜಿನೊಳಗೆ ಇದ್ದಿದ್ದೇ ಅಲ್ವಾ ಸಾರ್? ಅಡುಗೆಮನೇದು ಇನ್ನೂ ಉರೀತಿದೆ ತಾನೇ?" ಹೌದು, ಅಡುಗೆಮನೆಯದು ಮೊದಲನೇ ಡಬ್ಬದ್ದೇ, ಆರಾಮಾಗಿ ಉರಿಯುತ್ತಿತ್ತು. ಇಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. "ಬಲ್ಬಿಗೆ ಉಸಿರಾಡೋಕೆ ಜಾಗ ಇಲ್ಲ ಸಾರ್" ಅಂದರು.

ಇದನ್ನು ನಾನು ಬಿಡಿಸಿ ಹೇಳಲೇಬೇಕು. ನನ್ನ ದುಡ್ಡು ಹೋಗಿದ್ದು ಇದೊಂದರಲ್ಲೇ, ಮತ್ತು ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಎಲ್‌ಇಡಿ ಬಿಸಿಯಾಗುವುದಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಮುಂಭಾಗದ ಬಿಳಿ ಬುರುಡೆ ಮುಟ್ಟಿದರೆ ತಣ್ಣಗೇ ಇರುತ್ತದೆ, ನಿಜ. ಆದರೆ ಸ್ವಲ್ಪ ಹೊತ್ತು ಉರಿದ ಬಲ್ಬನ್ನು ಆರಿಸಿ ಅದರ ಕುತ್ತಿಗೆ ಹತ್ತಿರ ಬೆರಳಿಟ್ಟು ನೋಡಿ, ಗೊತ್ತಾಗುತ್ತದೆ. ಹಳೆಯ ಬುರುಡೆ ಬಲ್ಬು ಎಷ್ಟೇ ಬಿಸಿಯಾದರೂ ಅದಕ್ಕೆ ತೊಂದರೆಯಿಲ್ಲ. ಅದರ ತಂತಿ ಕಾದು ಕೆಂಪಾಗಲೆಂದೇ ಇರುವುದು, ಬಿಸಿಯಲ್ಲಿ ಬಹುಪಾಲು ಕಣ್ಣಿಗೆ ಕಾಣದ ಕಿರಣವಾಗಿ ಗಾಜು ದಾಟಿ ಹೊರಗೆ ಹೋಗಿಬಿಡುತ್ತದೆ. ಎಲ್‌ಇಡಿಯಲ್ಲಿ ಹಾಗಿಲ್ಲ. ಒಟ್ಟು ಬಿಸಿ ಕಡಿಮೆಯೇ, ಆದರೆ ಅದು ಒಳಗಿನ ಚಿಪ್‌ಗಳಲ್ಲಿ ಹುಟ್ಟಿ, ಬಲ್ಬಿನ ಮೈಯಿಂದ ಸುತ್ತಲಿನ ಗಾಳಿಗೆ ಹೋಗಬೇಕು. ಆ ಗಾಳಿ ಗಾಜಿನೊಳಗೆ ಸಿಕ್ಕಿಕೊಂಡಿದ್ದರೆ ಬಿಸಿ ಹೋಗುವುದೆಲ್ಲಿಗೆ? ಗಂಟೆಗಟ್ಟಲೆ ಉರಿದಂತೆ ಒಳಗಿನ ಗಾಳಿ ಕಾಯುತ್ತಲೇ ಹೋಗುತ್ತದೆ. ಛಾವಣಿ ದೀಪದಲ್ಲಿ ಬಲ್ಬು ತಲೆಕೆಳಗಾಗಿ ತೂಗುವುದರಿಂದ ಬಿಸಿ ಗಾಳಿ ಮೇಲಕ್ಕೇರಿ ಕುತ್ತಿಗೆಯ ಸುತ್ತಲೇ ನಿಲ್ಲುತ್ತದೆ. ಡ್ರೈವರ್ ಅನ್ನುವ ಪುಟ್ಟ ಸರ್ಕ್ಯೂಟ್ ಇರುವುದು ಸರಿಯಾಗಿ ಅಲ್ಲೇ.

ಗೋಡೆಯಿಂದ ಬರುವ ಎಸಿ ಕರೆಂಟನ್ನು ಚಿಪ್‌ಗಳಿಗೆ ಬೇಕಾದ ಡಿಸಿ ಮಾಡಿಕೊಡುವುದು ಆ ಡ್ರೈವರ್. ಅದರಲ್ಲಿ ಸಾಮಾನ್ಯವಾಗಿ ಒಂದು ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಇರುತ್ತದೆ, ಕರೆಂಟನ್ನು ಚೂರು ಕೂಡಿಟ್ಟು ಏರಿಳಿತ ಸಮ ಮಾಡುವ ಪುಟ್ಟ ಡಬ್ಬಿ. ಬಿಸಿಗೆ ಮೊದಲು ಸೋಲುವ ಭಾಗಗಳಲ್ಲಿ ಅದೂ ಒಂದು. ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರ ರೂಢಿಯ ಲೆಕ್ಕ. 20 ಡಿಗ್ರಿ ಏರಿದರೆ ಕಾಲು ಭಾಗ. ಈಗ ಡಬ್ಬದ ಮೇಲಿನ 25,000 ಗಂಟೆಯನ್ನು ಮತ್ತೆ ನೋಡಿ. ಅದು ಗಾಳಿಯಾಡುವ ಜಾಗದ ಲೆಕ್ಕ, ನಮ್ಮ ಹಾಲ್‌ನ ಮುಚ್ಚಿದ ಗುಮ್ಮಟದ್ದಲ್ಲ.

ಹೋದ ಬಲ್ಬೊಂದರ ಬಿಳಿ ಬುರುಡೆಯನ್ನು ಎಲೆಕ್ಟ್ರಿಷಿಯನ್ ತಿರುಚಿ ತೆಗೆದು ತೋರಿಸಿದರು. ಒಳಗೆ ದುಂಡನೆಯ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಉಗುರಿಗಿಂತ ಸಣ್ಣ ಹಳದಿ ಚೌಕಗಳು. ಆ ಹಳದಿ ಲೇಪದ ಅಡಿಯಲ್ಲಿ ಇರುವುದು ನೀಲಿ ಬೆಳಕಿನ ಚಿಪ್, ನೀಲಿಯೂ ಹಳದಿಯೂ ಬೆರೆತು ನಮಗೆ ಬಿಳಿಯಾಗಿ ಕಾಣುತ್ತದೆ. (ಆ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದಿದ್ದು. ನೀಲಿ ಸಿಗುವವರೆಗೆ ಮನೆಗೆ ಹಾಕುವಂಥ ಬಿಳಿ ಎಲ್‌ಇಡಿ ಇರಲಿಲ್ಲ.) ಚೌಕಗಳಲ್ಲಿ ಒಂದರ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಮಿಕ್ಕವೆಲ್ಲ ಚೆನ್ನಾಗಿಯೇ ಇದ್ದವು. ಆದರೆ ಎಲ್ಲವನ್ನೂ ಒಂದರ ಹಿಂದೊಂದು ಒಂದೇ ಸಾಲಿನಲ್ಲಿ ಜೋಡಿಸಿರುವುದರಿಂದ ಒಂದು ಸುಟ್ಟರೂ ಇಡೀ ಬಲ್ಬು ಆರುತ್ತದೆ. ಇನ್ನೊಂದರಲ್ಲಿ ಚಿಪ್‌ಗಳೆಲ್ಲ ಸರಿಯಿದ್ದವು, ಕೆಪಾಸಿಟರ್‌ನ ನೆತ್ತಿ ಉಬ್ಬಿತ್ತು. ಅಗ್ಗದ ಬಲ್ಬುಗಳಲ್ಲಿ ಇದು ಬೇಗ ಆಗುವುದಕ್ಕೂ ಕಾರಣವಿದೆ. ಚಿಪ್ ಕಡಿಮೆ ಹಾಕಿ, ಒಂದೊಂದರ ಮೂಲಕವೂ ಜಾಸ್ತಿ ಕರೆಂಟ್ ಹರಿಸಿ ಬೆಳಕು ತೆಗೆಯುತ್ತಾರೆ. ಬಿಸಿ ಹೊರಗೆಳೆಯುವ ಲೋಹದಲ್ಲೂ ಉಳಿಸಿರುತ್ತಾರೆ.

ಆದ್ದರಿಂದ "ಎಲ್ಲಕ್ಕಿಂತ ಅಗ್ಗದ್ದು ಯಾವುದು" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ನಿಮ್ಮ ಮನೆಯಲ್ಲಿ ಮುಚ್ಚಿದ ದೀಪಗಳು ಯಾವುವು ಅಂತ ಗುರುತು ಮಾಡಿಕೊಳ್ಳಿ. ಅಲ್ಲಿಗೆ ಮುಚ್ಚಿದ ದೀಪದಲ್ಲೂ ಬಳಸಬಹುದು ಅಂತ ಡಬ್ಬದ ಮೇಲೆ ಸ್ಪಷ್ಟವಾಗಿ ಬರೆದಿರುವ ಬಲ್ಬನ್ನೇ ತನ್ನಿ. ಅದು ಸಿಗದಿದ್ದರೆ ಕಡಿಮೆ ವ್ಯಾಟ್‌ನದು ಹಾಕಿ, 9ರ ಬದಲು 5. ಬೆಳಕು ಕಡಿಮೆ, ಬಿಸಿಯೂ ಕಡಿಮೆ. ಅದೂ ಆಗದಿದ್ದರೆ ಗಾಜನ್ನೇ ತೆಗೆದುಬಿಡಿ, ಬಾತ್‌ರೂಮು ಮತ್ತು ಮಳೆ ಬೀಳುವ ಜಾಗ ಬಿಟ್ಟು. ಅಲ್ಲಿ ಗಾಜಿರುವುದು ನೀರು ತಾಗದಿರಲಿ ಅಂತ, ಅದನ್ನು ಮುಟ್ಟಬೇಡಿ. ನಾನು ಹಾಲ್‌ನ ಗುಮ್ಮಟ ತೆಗೆಸಿ ಛಾವಣಿಗೆ ನೇರ ಕೂರುವ ಚಪ್ಪಟೆ ಎಲ್‌ಇಡಿ ದೀಪ ಹಾಕಿಸಿದೆ. ಅದರ ಬೆನ್ನಿಗೇ ಲೋಹವಿದೆ. ಅಲ್ಲಿಂದ ಆ ಜಾಗದ ತಲೆನೋವು ತಪ್ಪಿತು.

ಎಲ್ಲವನ್ನೂ ಒಂದೇ ಸಲ ಬದಲಾಯಿಸುವ ಯೋಚನೆಯನ್ನೂ ಬಿಡಿ. ದಿನಕ್ಕೆ 10 ನಿಮಿಷ ಹಾಕುವ ಸ್ಟೋರ್‌ರೂಮಿನ 60 ವ್ಯಾಟ್ ಬಲ್ಬು ವರ್ಷವಿಡೀ ತಿನ್ನುವುದು 4 ಯೂನಿಟ್‌ಗಿಂತ ಕಡಿಮೆ. ಅದು ಹೋಗುವವರೆಗೆ ಇರಲಿ ಬಿಡಿ. ಸಂಜೆಯಿಂದ ಮಲಗುವವರೆಗೆ ಉರಿಯುವ ಬುರುಡೆ ಬಲ್ಬುಗಳನ್ನು ಮಾತ್ರ ನಾಳೆಯೇ ಬದಲಾಯಿಸಿ. ಆ ಎರಡೋ ಮೂರೋ ಬಲ್ಬುಗಳಿಗೆ ಒಳ್ಳೆಯದನ್ನೇ ತನ್ನಿ.

ಉರಿಯುತ್ತಿರುವ ಸಿಎಫ್‌ಎಲ್ ಕೀಳುವುದು ನನ್ನ ಪ್ರಕಾರ ಸುಮ್ನೆ ದಂಡ. 15 ವ್ಯಾಟ್‌ನದು ತೆಗೆದು 9 ಹಾಕಿದರೆ ದಿನಕ್ಕೆ 5 ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ 11 ಯೂನಿಟ್ ಉಳಿಯಬಹುದು, ಅಷ್ಟೇ. ತಾನಾಗಿ ಹೋದಮೇಲೆ ಬದಲಾಯಿಸಿ. ಆದರೆ ಕಸದ ಬುಟ್ಟಿಗೆ ಹಾಕಬೇಡಿ. ಅದರೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಕೈತಪ್ಪಿ ಒಡೆದರೆ ಕಿಟಕಿ ತೆಗೆದು ಎಲ್ಲರೂ ಸ್ವಲ್ಪ ಹೊತ್ತು ರೂಮಿನಿಂದ ಹೊರಗೆ ಹೋಗಿ. ಆಮೇಲೆ ಗಟ್ಟಿ ರಟ್ಟಿನಿಂದ ಚೂರು ಬಾಚಿ, ಪುಡಿಯನ್ನು ಅಂಟು ಟೇಪಿನಿಂದ ಎತ್ತಿ. ಪೊರಕೆಯನ್ನಾಗಲಿ ವ್ಯಾಕ್ಯೂಮ್ ಕ್ಲೀನರನ್ನಾಗಲಿ ಮುಟ್ಟಬೇಡಿ, ಅದರಿಂದ ಪುಡಿ ಮನೆಯೆಲ್ಲ ಹರಡುತ್ತದೆ. ಮಕ್ಕಳಿರುವ ಮನೆಯಾದರೆ ಇದನ್ನು ಎಲ್ಲರಿಗೂ ಹೇಳಿಡಿ.

ಅಂಗಡಿಯಲ್ಲಿ ವ್ಯಾಟ್ ಕೇಳುವುದನ್ನೂ ಕಡಿಮೆ ಮಾಡಿ. ವ್ಯಾಟ್ ಹೇಳುವುದು ಎಷ್ಟು ಕರೆಂಟ್ ತಿನ್ನುತ್ತದೆ ಅಂತ, ಎಷ್ಟು ಬೆಳಕು ಅಂತ ಹೇಳುವುದು ಲ್ಯೂಮೆನ್. ಹಳೆಯ 40ರ ಬಲ್ಬಿನ ಜಾಗಕ್ಕೆ ಸುಮಾರು 450 ಲ್ಯೂಮೆನ್, 60ರ ಜಾಗಕ್ಕೆ 800, 100ರ ಜಾಗಕ್ಕೆ 1,500 ಇದ್ದರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡು ಕಂಪನಿಯ 9 ವ್ಯಾಟ್ ಬಲ್ಬುಗಳಲ್ಲೇ ನೂರಿನ್ನೂರು ಲ್ಯೂಮೆನ್ ಆಚೀಚೆ ಇರಬಹುದು.

ಬಣ್ಣದ ವಿಷಯದಲ್ಲಿ ನಮ್ಮ ಅಮ್ಮ ನನಗಿಂತ ಮೊದಲೇ ಸರಿಯಾಗಿ ಹೇಳಿದ್ದರು. ಅವರ ರೂಮಿಗೂ ನಾನು ಅದೇ 6500 ಕೆಲ್ವಿನ್‌ನ ಬೆಳ್ಳನೆಯದ್ದನ್ನು ಹಾಕಿದ್ದೆ. (ಕೆಲ್ವಿನ್ ಅಂದರೆ ಇಲ್ಲಿ ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟು ಹಳದಿ.) "ಕಣ್ಣಿಗೆ ಚುಚ್ಚುತ್ತೆ ಕಣೋ, ಹಳೇದನ್ನೇ ಹಾಕಿಬಿಡು" ಅಂದರು. ನಾನು ಬಿಲ್ ತೋರಿಸಿ ಸುಮ್ಮನಾಗಿಸಿದೆ. ಅವರು ರಾತ್ರಿ ಆ ದೀಪ ಹಾಕುವುದನ್ನೇ ಬಿಟ್ಟು, ಕತ್ತಲಲ್ಲೇ ತಡವರಿಸಿಕೊಂಡು ಓಡಾಡುವುದನ್ನು ನೋಡಿದ ಮೇಲೆ ನನಗೆ ಅರ್ಥವಾಯಿತು. ಬುರುಡೆ ಬಲ್ಬಿನ ಹಳದಿ ಬೆಳಕು ಬೇಕಿದ್ದವರಿಗೆ 2700 ಕೆಲ್ವಿನ್ ಅಂತ ಬರೆದಿರುವ ಎಲ್‌ಇಡಿ ಸಿಗುತ್ತದೆ, ಅದೂ ಅಷ್ಟೇ ಉಳಿಸುತ್ತದೆ. ಮಲಗುವ ರೂಮಿಗೆ ಅದನ್ನೇ ಹಾಕಿ. ಅಡುಗೆ ಮಾಡುವಲ್ಲಿ, ಓದುವಲ್ಲಿ 4000 ಚೆನ್ನಾಗಿರುತ್ತದೆ. ಕಪ್ಪು ಬಟ್ಟೆ ಯಾವುದು, ಕಡು ನೀಲಿ ಯಾವುದು ಅಂತ ಗೊತ್ತಾಗದಿದ್ದರೆ ಅದು ಸಿಆರ್‌ಐ ಕಡಿಮೆಯಿರುವ ಬಲ್ಬು ಇರಬಹುದು. ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವುದಕ್ಕೆ ನೂರರವರೆಗೆ ಕೊಡುವ ಅಂಕವೇ ಸಿಆರ್‌ಐ. 80ಕ್ಕಿಂತ ಕೆಳಗಿನದು ಬೇಡ, 90 ಸಿಕ್ಕರೆ ಬಿಡಬೇಡಿ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಬಲ್ಬು ಹಾಕಿಸಿ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ದಪ್ಪಗೆ ಓಡಿದರೆ ಆ ಬಲ್ಬು ಜೋರಾಗಿಯೇ ಮಿಟುಕುತ್ತಿದೆ ಅಂತ ಅರ್ಥ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ಬರುತ್ತದೆ. ಬೆಳಕು ಏರಿಸಿ ಇಳಿಸುವ ಡಿಮ್ಮರ್ ಇರುವ ಕಡೆ ಡಿಮ್ಮರ್‌ಗೆ ಆಗುತ್ತದೆ ಅಂತ ಬರೆದ ಬಲ್ಬು ಮಾತ್ರ. ಆರಿಸಿದ ಮೇಲೂ ಎಲ್‌ಇಡಿ ಮಂಕಾಗಿ ಹೊಳೆಯುತ್ತಿದ್ದರೆ ಹೆದರಿ ಬಲ್ಬು ಎಸೆಯಬೇಡಿ. ಸ್ವಿಚ್ಚಿನಲ್ಲಿ ಪುಟ್ಟ ಇಂಡಿಕೇಟರ್ ದೀಪ ಇದ್ದರೆ ಅದರ ಮೂಲಕ ಚೂರು ಕರೆಂಟ್ ಹರಿದು ಹಾಗಾಗುತ್ತದೆ. ಇಂಡಿಕೇಟರ್ ಇಲ್ಲದೆಯೂ ಹೊಳೆದರೆ ಸ್ವಿಚ್ಚು ಕರೆಂಟ್ ತರುವ ಫೇಸ್ ವೈರಿನ ಬದಲು ಅದು ವಾಪಸ್ ಹೋಗುವ ನ್ಯೂಟ್ರಲ್ ವೈರಿಗೆ ಕೂತಿರಬಹುದು. ಅದು ಅಪಾಯ. ಸ್ವಿಚ್ ಆಫ್ ಆಗಿದ್ದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ.

ಇನ್ನೊಂದು ಮಾತು, ನಿಮ್ಮ ಗುರಿ ಬಿಲ್ ಇಳಿಸುವುದೇ ಆಗಿದ್ದರೆ. ನೀರು ಕಾಯಿಸುವ 2,000 ವ್ಯಾಟ್‌ನ ಹೀಟರ್ ದಿನಕ್ಕೆ ಅರ್ಧ ಗಂಟೆ ಜಾಸ್ತಿ ಓಡಿದರೆ ಒಂದು ಯೂನಿಟ್, ವರ್ಷಕ್ಕೆ 365. ನಾಲ್ಕು ಬುರುಡೆ ಬಲ್ಬು ಬದಲಾಯಿಸಿ ಉಳಿಸಿದ್ದು ಅಲ್ಲಿಗೆ ಸರಿಹೋಗುತ್ತದೆ. ನಾನು ಬಲ್ಬುಗಳ ಹಿಂದೆ ಬಿದ್ದು ಹೀಟರ್ ಕಡೆ ತಿರುಗಿಯೂ ನೋಡಿರಲಿಲ್ಲ.

ನಿಮ್ಮ ಮನೆಯಲ್ಲಿ ಗಾಜಿನೊಳಗಿರುವ ದೀಪಗಳು ಎಲ್ಲೆಲ್ಲಿವೆ, ದಿನಕ್ಕೆ ಎಷ್ಟು ಹೊತ್ತು ಉರಿಯುತ್ತವೆ ಅಂತ ಕೆಳಗೆ ಬರೆಯಿರಿ. ಗಾಜಿಗೂ ಬಲ್ಬಿಗೂ ನಡುವೆ ಎಷ್ಟು ಜಾಗವಿದೆ ಅನ್ನುವುದನ್ನೂ ಸೇರಿಸಿ. ಯಾವುದಕ್ಕೆ ಏನು ಹಾಕಬಹುದು ಅಂತ ನೋಡಿ ಹೇಳುತ್ತೇನೆ.