ಗ್ರಾಮಸಭಿ ವಿಷಯ ತಗೊಂಡು ಸಮ್ಮರ್ ಸ್ಕೂಲಿಗೆ ಹೋಗ್ಲಾ?

ಪ್ರಶ್ನೆ: ಅಣ್ಣಾರ, ನಾ ಕಲಬುರಗಿಯಾಗ ಪಿಎಚ್‌ಡಿ ಮಾಡ್ಲತ್ತೀನಿ, ವಿಷಯ ಚಿಂಚೋಳಿ ಕಡಿ ಗ್ರಾಮಸಭಿ. ಮಂದಿ ಕೂತು ಚರ್ಚಿ ಮಾಡಿ ನಿರ್ಧಾರ ತಗೊಳ್ಳೋ ಪ್ರಜಾಪ್ರಭುತ್ವದ ಬಗ್ಗೆ ಒಂದು ಸಮ್ಮರ್ ಸ್ಕೂಲ್ ಅದ, ಅಪ್ಲೈ ಮಾಡು ಅಂತ ಗೈಡ್ ಗಂಟುಬಿದ್ದಾರ. ಅಲ್ಲಿ ಇದನ್ನ ಹೇಳಿದ್ರ ನಗಂಗಿಲ್ಲೇನ್ರಿ?

ಉತ್ತರ: ನಗೋದ್ಯಾಕ ತಮ್ಮಾ, ಕಿವಿಗೊಟ್ಟು ಕೇಳ್ತಾರ. ಇಂಥ ಚರ್ಚಿ ಬಗ್ಗೆ ಬರೆದ ಜರ್ಮನ್ ತತ್ವಜ್ಞಾನಿ ಹೇಬರ್‌ಮಾಸ್‌ನ್ನ ಓದಿದೋರು ಅಲ್ಲಿ ಭಾಳ ಮಂದಿ ಸಿಗ್ತಾರ, ಗುಡಿ ಕಟ್ಟಿ ಮ್ಯಾಲ ಕುಂತು ಗ್ರಾಮಸಭಿ ನೋಡಿದೋರು ಕಮ್ಮಿ. ಐರ್ಲೆಂಡ್‌ನಾಗ 2016ರಾಗ ಚೀಟಿ ಎತ್ತಿದಂಗ ಆರಿಸಿದ 99 ಮಂದಿ ಸಾದಾ ಜನ ತಜ್ಞರ ಮಾತು ಕೇಳಿ, ಗರ್ಭಪಾತದ ಕಾನೂನು ಬದಲಾಗ್ಬೇಕು ಅಂದ್ರು, 2018ರ ಜನಮತದಾಗ ದೇಶಾನೂ ಹೂಂ ಅಂತು, ಈ ಉದಾಹರಣಿ ಅಲ್ಲಿ ಬಂದೇ ಬರ್ತದ ಓದ್ಕೊಂಡು ಹೋಗು. ನಮ್ಮಲ್ಲಿ ಚೀಟಿ ಇಲ್ಲ, ಮತದಾರರ ಪಟ್ಟಿಯಾಗಿದ್ದೋರೆಲ್ಲಾ ಗ್ರಾಮಸಭಿ ಮೆಂಬರೇ. ಬಾಗಿಲ ಎಲ್ಲಾರಿಗೂ ತೆರದದ, ಖರೆ ಮಾತಾಡೋರು ಯಾರು? ನಿನ್ನ ಅಪ್ಲಿಕೇಶನ್ ಇಲ್ಲಿಂದ್ಲೇ ಸುರು ಮಾಡು. ಪಿಡಿಒ ಫಲಾನುಭವಿಗಳ ಪಟ್ಟಿ ಓದ್ತಾ ಇರ್ತಾರ, ಹಿಂದ ನಿಂತ ಅಕ್ಕ ಒಬ್ಬಾಕಿ "ನನ್ನ ಹೆಸರ ಯಾಕ ಬಿಟ್ರಿ" ಅಂತಾಳ, ನಾಕು ಮಂದಿ ಸುಮ್ಕಿರು ಅಂತ ಗದರಸ್ತಾರ, ಅದನ್ನ ಹಂಗಂಗೇ ಬರ್ಕೋ, ಆಕಿಗಿ ಉತ್ತರ ಸಿಕ್ತೋ ಇಲ್ಲೋ ಅದನ್ನೂ.

ಬಸವಕಲ್ಯಾಣದ ಅನುಭವ ಮಂಟಪದ ಹೆಸರು ಹೇಳಿ ಚಪ್ಪಾಳಿ ಗಿಟ್ಟಿಸ್ಲಾಕ ಮಾತ್ರ ಹೋಗಬ್ಯಾಡ, ಪುರಾವೆ ಕೇಳ್ತಾರ, ನಾಕು ವಚನ ಸರಿಯಾಗಿ ಓದ್ಕೊಂಡು ಹೋಗು. ಫೀಸಿನಾಗ ರಿಯಾಯಿತಿ ಅದ ಏನು ಅಂತ ಅಪ್ಲೈ ಮಾಡಾಗೇ ಕೇಳು, ನಾಚ್ಕೋಬ್ಯಾಡ. ಪಾಸ್‌ಪೋರ್ಟ್ ಮಾಡ್ಸೀದಿ ಹೌದಲ್ಲೋ?