ಕತ್ತರಿ ಒಂದೇ, ಸೆಟೆತವೂ ಅದರಿಂದಲೇ, ಸಡಿಲವೂ ಅದರಿಂದಲೇ

ಪ್ರಶ್ನೆ: ಧನುರ್ವಾಯು ಬಂದವರ ಮೈ ಬಿಲ್ಲಿನಂತೆ ಸೆಟೆಯುತ್ತದೆ, ಬೊಟುಲಿನಂ ವಿಷ ತಗುಲಿದರೆ ಸ್ನಾಯು ಜೋತುಬೀಳುತ್ತದೆ. ಎರಡೂ ನರಕೋಶದ ಒಂದೇ ಪ್ರೋಟೀನನ್ನು ಕತ್ತರಿಸುತ್ತವಂತೆ. ಪರಿಣಾಮ ತದ್ವಿರುದ್ಧ ಹೇಗೆ?

ಉತ್ತರ: ಮೊದಲು ಆ ಪ್ರೋಟೀನಿನ ಕೆಲಸ ನೋಡೋಣ. ನರದ ತುದಿಯಲ್ಲಿ ಸುಮಾರು 40 ನ್ಯಾನೋಮೀಟರ್ ಅಡ್ಡಳತೆಯ ಕಿರುಚೀಲಗಳಿರುತ್ತವೆ. ಅವುಗಳೊಳಗಿನ ರಾಸಾಯನಿಕ ಹೊರಬೀಳಬೇಕಾದರೆ ಚೀಲದ ಪೊರೆ ಕೋಶದ ಪೊರೆಯೊಡನೆ ಬೆಸೆಯಬೇಕು. ಸಾರಿನ ಮೇಲಿನ ಎಣ್ಣೆಹನಿಗಳು ತಾವಾಗಿ ಸೇರಿಕೊಳ್ಳುತ್ತವೆ, ಇವು ಹಾಗೆ ಸೇರುವುದಿಲ್ಲ. ಮೇಲ್ಮೈಗೆ ನೀರು ಅಂಟಿಕೊಂಡಿರುವುದರಿಂದ ಹತ್ತಿರ ತಂದಷ್ಟೂ ಒಂದನ್ನೊಂದು ತಳ್ಳುತ್ತವೆ.

ಆ ತಳ್ಳಾಟವನ್ನು ಮೀರಿಸುವವು ಸ್ನೇರ್ ಪ್ರೋಟೀನುಗಳು. ಚೀಲದ ಕಡೆಯಿಂದ, ನೀವು ಕೇಳಿದ ಪ್ರೋಟೀನಾದ ಸಿನಾಪ್ಟೋಬ್ರೆವಿನ್‌ನ ಒಂದು ಎಳೆ. ಕೋಶಪೊರೆಯ ಕಡೆಯಿಂದ ಸಿಂಟ್ಯಾಕ್ಸಿನ್‌ನ ಒಂದು, ಸ್ನ್ಯಾಪ್-25ರ ಎರಡು. ನಾಲ್ಕೂ ಒಂದರ ಸುತ್ತ ಒಂದು ಹೊಸೆದುಕೊಳ್ಳುತ್ತವೆ. ಒಳಗೆ 16 ಪದರ. 15ರಲ್ಲಿ ಬಹುಪಾಲು ನೀರೊಲ್ಲದ ಅಮೈನೋ ಆಮ್ಲಗಳು, ನಡುವಿನ ಒಂದರಲ್ಲಿ ಮಾತ್ರ ಮೂರು ಗ್ಲುಟಮಿನ್, ಒಂದು ಆರ್ಜಿನಿನ್. ಹೊಸೆತ ಪೊರೆಯಿಂದ ದೂರದ ತುದಿಯಲ್ಲಿ ಶುರುವಾಗಿ ಪೊರೆಯತ್ತ ಸಾಗುತ್ತದೆ. ಎಳೆತ ಹುಟ್ಟುವುದೇ ಈ ದಿಕ್ಕಿನಿಂದ. ಕೊನೆಯ ಗೇಣು ಬಾಕಿಯಿರುವಾಗ ತಡೆದು ನಿಂತಿರುತ್ತದೆ. ಕ್ಯಾಲ್ಸಿಯಂ ನುಗ್ಗಿ, ಅದನ್ನು ಗುರುತಿಸುವ ಪ್ರೋಟೀನಾದ ಸಿನಾಪ್ಟೊಟ್ಯಾಗ್ಮಿನ್‌ಗೆ ಅಂಟಿದೊಡನೆ, ಮಿಲಿಸೆಕೆಂಡಿನೊಳಗೆ, ಬೆಸುಗೆ. ಬಳಿಕ ಎನ್‌ಎಸ್‌ಎಫ್ ಎಂಬ ಪ್ರೋಟೀನು ಕೋಶದ ಇಂಧನವಾದ ಎಟಿಪಿ ಖರ್ಚುಮಾಡಿ ಹುರಿ ಬಿಚ್ಚುತ್ತದೆ.

ಈಗ ಕತ್ತರಿ. ಧನುರ್ವಾಯುವಿನ ವಿಷ, ಬೊಟುಲಿನಂನ ಬಿ ಬಗೆಯ ವಿಷ ಎರಡೂ ಸಿನಾಪ್ಟೋಬ್ರೆವಿನ್-2 ಅನ್ನು 76–77ನೇ ಅಮೈನೋ ಆಮ್ಲಗಳ ನಡುವೆಯೇ ಕಡಿಯುತ್ತವೆ, ಅದೂ ಎಳೆ ಬಿಡಿಯಾಗಿದ್ದಾಗ ಮಾತ್ರ. ಕಡಿದ ಮೇಲೆ ಹಗ್ಗ ಹೊಸೆದರೂ ಪ್ರಯೋಜನವಿಲ್ಲ, ತುದಿಯಲ್ಲಿ ಚೀಲವೆಂಬ ಬಿಂದಿಗೆಯೇ ಇಲ್ಲ.

ವ್ಯತ್ಯಾಸವಿರುವುದು ಕಡಿಯುವ ಜಾಗದಲ್ಲಿ. ಬೊಟುಲಿನಂ ಸ್ನಾಯುವಿನ ಬಳಿಯ ನರತುದಿಯಲ್ಲೇ ಉಳಿದು, ಸ್ನಾಯುವಿಗೆ ಸಂದೇಶ ಒಯ್ಯುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ತಡೆಯುತ್ತದೆ. ಸ್ನಾಯುವಿಗೆ ಅಪ್ಪಣೆ ತಲುಪುವುದಿಲ್ಲ. ಧನುರ್ವಾಯುವಿನ ವಿಷ ಅದೇ ನರದೊಳಗೆ ಹಿಮ್ಮುಖವಾಗಿ ಬೆನ್ನುಹುರಿಗೆ ಹೋಗಿ, ಲಗಾಮು ಹಿಡಿಯುವ ನರಕೋಶಗಳನ್ನು ಹೊಕ್ಕು ಗ್ಲೈಸಿನ್, ಗಾಬಾ ಎಂಬ ತಡೆಯೊಡ್ಡುವ ರಾಸಾಯನಿಕಗಳ ಬಿಡುಗಡೆಯನ್ನು ನಿಲ್ಲಿಸುತ್ತದೆ. ಬ್ರೇಕ್ ಕಿತ್ತ ಸ್ನಾಯುಗಳು ಸೆಟೆಯುತ್ತವೆ.

ಒಂದು ತಿದ್ದುಪಡಿ: ಬೊಟುಲಿನಂನ ಎಲ್ಲ ಬಗೆಗಳೂ ಇದೇ ಪ್ರೋಟೀನನ್ನು ಕಡಿಯುವುದಿಲ್ಲ. ಸುಕ್ಕಿಗೆ ಚುಚ್ಚುವ ಬೊಟಾಕ್ಸ್ ಎ ಬಗೆಯದು. ಅದು ಕಡಿಯುವುದು ಸ್ನ್ಯಾಪ್-25 ಅನ್ನು, 206 ಅಮೈನೋ ಆಮ್ಲಗಳಲ್ಲಿ ಕೊನೆಯ 9 ಮಾತ್ರ. ಅಷ್ಟಕ್ಕೇ ಮೂರು-ನಾಲ್ಕು ತಿಂಗಳು ಸ್ನಾಯು ಸಡಿಲ.

ಇನ್ನು ಪ್ರತಿವಿಷ: ನರದೊಳಗೆ ಹೊಕ್ಕ ವಿಷವನ್ನು ಅದು ಮುಟ್ಟಲಾರದು, ರಕ್ತದಲ್ಲಿ ತಿರುಗುತ್ತಿರುವುದನ್ನಷ್ಟೇ ಹಿಡಿಯುತ್ತದೆ. ಆದ್ದರಿಂದಲೇ ಬೊಟುಲಿನಂ ಶಂಕೆ ಬಂದಾಗ ವೈದ್ಯರು ಪ್ರಯೋಗಾಲಯದ ವರದಿಗೆ ಕಾಯದೆ ಚುಚ್ಚುತ್ತಾರೆ.